ದಮ್ಮು ಹತ್ತಿದ ದೆವ್ವ

ಬೀದರಿನ ಚೌಬಾರಾ ಗೋಪುರದ ಹಿಂದಿನ ಗಲ್ಲಿಯಲ್ಲಿ ಹೆಪ್ಸಿಬಾ ಕೊಂಡಿದ್ದ ಹಳೆಯ ಮನೆಗೆ ಮತ್ತೆ ಬೀಗ ಬಿತ್ತು. ಮೊದಲು ಬಾಡಿಗೆಗೆ ಬಂದವರು ಹಲಬರ್ಗಾದ ಗಂಡಹೆಂಡತಿ, ಮದುವೆಯ ಅರಿಸಿನ ಇನ್ನೂ ಆರದವರು. ಬಿಚ್ಚಿದ ಹಾಸಿಗೆ ಹಳತಾಗುವ ಮೊದಲೇ ಸುತ್ತಿಕೊಂಡು ಹೋದರು. ಆಮೇಲೆ ಬಂದವನು ಒಬ್ಬ ಮೊಬೈಲ್ ಅಂಗಡಿಯವನು. ಅವನು ಬೀಗದ ಕೈಯನ್ನು ದಲ್ಲಾಳಿ ಸತೀಶಕುಮಾರನ ಮೇಜಿನ ಮೇಲಿಟ್ಟು, "ಮನಿ ಚಲೋ ಅದ್ರಿ. ಆದ್ರ ಅದರಾಗ ನನಗಿಂತ ಮೊದಲ ಯಾರೋ ಬಾಡಿಗಿ ಅದಾರ" ಎಂದು ಹೇಳಿ ಹೋದನಂತೆ.

ಹೆಪ್ಸಿಬಾ ಸರ್ವಿಸ್ ಪೂರ್ತಿ ಬೀದರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಗಂಡ ಜಾನ್ಸನ ಭಾಲ್ಕಿಯಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದು ನಿವೃತ್ತನಾದವನು. ಇಬ್ಬರೂ ಈಗ ಭಾಲ್ಕಿಯಲ್ಲೇ ಇದ್ದರು. ಜೊತೆಯ ನರ್ಸುಗಳೆಲ್ಲ ನಿವೃತ್ತಿಯ ಹಣದಲ್ಲಿ ಊರ ಹೊರಗೆ ಪ್ಲಾಟು ಕೊಂಡರೆ ಹೆಪ್ಸಿಬಾ ಮಾತ್ರ ಹಳೆಯ ಊರಿನೊಳಗಿನ ಈ ಕೆಂಪುಕಲ್ಲಿನ ಮನೆಯನ್ನು ಹಿಡಿದಳು. "ಪ್ಲಾಟು ಸುಮ್ಮನ ಬಿದ್ದಿರ್ತದ. ಮನಿ ಹಂಗಲ್ಲ, ಪೇಶೆಂಟ್ ಇದ್ದಂಗ. ಆರೈಕಿ ಮಾಡಿದ್ರ ಎದ್ದು ಕೂಡ್ತದ" ಎಂದಿದ್ದಳು.

ಆರೈಕೆಯನ್ನೇನೋ ಮಾಡಿದಳು. ಪೇಶೆಂಟ್ ಮಾತ್ರ ಹಟಮಾರಿ. ಮಾಳಿಗೆ ಸೋರುತ್ತದೆಂದು ಮೇಲೆ ಗಚ್ಚು ಮಾಡಿಸಿದರೆ ನೀರು ದಾರಿ ಬದಲಿಸಿ ಗೋಡೆಯಲ್ಲಿ ಇಳಿಯಿತು. ಗೋಡೆಗೆ ಗಿಲಾವು ಹೊಡೆಸಿದರೆ ಉಪ್ಪು ಒಡೆದು ಹಪ್ಪಳದಂತೆ ಉದುರಿತು. ಹೊಸ ಬಚ್ಚಲಿನ ನೀರು ಗಟಾರಕ್ಕೆ ಹೋಗದೆ ಅಡುಗೆಮನೆಗೆ ಬಂತು, ಏಕೆಂದರೆ ಮನೆ ಗಲ್ಲಿಗಿಂತ ತಗ್ಗಿನಲ್ಲಿತ್ತು. ನೂರು ವರ್ಷದಲ್ಲಿ ಗಲ್ಲಿಯ ರಸ್ತೆ ಪದರ ಪದರವಾಗಿ ಎದ್ದಿತ್ತು, ಮನೆ ಎದ್ದಿರಲಿಲ್ಲ. ಕರೆಂಟಿನ ಮೀಟರು ಇನ್ನೂ ಸತ್ತವರೊಬ್ಬರ ಹೆಸರಿನಲ್ಲೇ ಇತ್ತು. ಗೌಂಡಿ ಲಾಲ ಅಹ್ಮದ ಕರಣಿ ತೊಳೆಯುತ್ತ ಹೇಳುತ್ತಿದ್ದ, "ಸಿಸ್ಟರ್‌ಬಾಯಿ, ಹಳೀ ಮನಿ ಅಂದ್ರ ಹಳೀ ಜಡ್ಡು. ಇಲ್ಲಿ ಒತ್ತಿದ್ರ ಅಲ್ಲಿ ಏಳ್ತದ."

ಒತ್ತಿ ಒತ್ತಿ ಕಡೆಗೆ ಎಲ್ಲವೂ ಅಡಗಿತು. ಬಾಗಿಲಿಗೆ ಹಸಿರು ಬಣ್ಣ ಬಂತು. ಮನೆ ನಿಜಕ್ಕೂ ಎದ್ದು ಕೂತಿತ್ತು. ಆಗ ಶುರುವಾಯಿತು ಈ ಸದ್ದು.

ಎರಡೂ ಬಾಡಿಗೆಯವರು ಹೇಳಿದ್ದು ಒಂದೇ ಮಾತು. ಹಿಂದಿನ ಕೋಣೆಯಲ್ಲಿ, ನಸುಕಿನ ಹೊತ್ತಿಗೆ, ನೆಲದ ಕೆಳಗೆ ಯಾರೋ ನರಳುತ್ತಾರೆ. ಆಮೇಲೆ ಏನನ್ನೋ ಎಳೆದಂತೆ ಆಗುತ್ತದೆ. ಆಮೇಲೆ ಮುದುಕಿಯೊಬ್ಬಳು ಏದುಸಿರು ಬಿಡುತ್ತಾಳೆ.

ಸುದ್ದಿ ಗಲ್ಲಿ ದಾಟಿತು. ಸತೀಶಕುಮಾರ ಭಾಲ್ಕಿಗೆ ಫೋನು ಮಾಡಿ, "ಸಿಸ್ಟರ್‌ಬಾಯಿ, ಹೆಸರು ಕೆಟ್ಟ ಮನಿಗಿ ಬಾಡಿಗಿದಾರ ಸಿಗೂದಿಲ್ಲ, ಕೊಳ್ಳೂ ಗಿರಾಕಿ ಮಾತ್ರ ಸಿಗ್ತಾನ, ಒಬ್ಬಾಂವ ಸಿಕ್ಕಾನ. ಅವಾ ಸೋಮವಾರ ಮುಂಗಡ ತಗೊಂಡು ಬರ್ತಾನ. ಕೊಟ್ಟು ಕೈ ತೊಳಕೊಳ್ರಿ" ಎಂದ. ಗಿರಾಕಿ ಕೇಳಿದ ಬೆಲೆಗೆ ಹೆಪ್ಸಿಬಾಳ ದುಡಿಮೆಯ ಅರ್ಧವೂ ವಾಪಸು ಬರುತ್ತಿರಲಿಲ್ಲ. ಮಾರದಿದ್ದರೆ ಬೀಗ ಹಾಕಿದ ಮನೆಯನ್ನು ಗೆದ್ದಲು ತಿನ್ನುತ್ತದೆ.

"ಮಾರಿಬಿಡು ಹೆಪ್ಸಿ," ಎಂದ ಜಾನ್ಸನ, ಚಹಾ ಬಸಿಗೆ ಸುರಿದುಕೊಳ್ಳುತ್ತ. "ಬಾಡಿಗಿ ಕೊಡದಾಂವನ್ನ ಹೊರಗ ಹಾಕಬಹುದು. ದೆವ್ವಕ್ಕ ನೋಟಿಸು ಹ್ಯಾಂಗ ಕೊಡ್ತಿ?"

ಹೆಪ್ಸಿಬಾ ನಗಲಿಲ್ಲ. ಆ ವಾರ ಚರ್ಚಿನ ಮಹಿಳಾ ಸಂಘದಲ್ಲಿ ಎದ್ದು ನಿಂತು ತನ್ನ ಮನೆಗಾಗಿ ಪ್ರಾರ್ಥಿಸಬೇಕೆಂದು ಕೇಳಿಕೊಂಡಳು. ಸಂಘದ ಹಿರಿಯಳು ಗ್ರೇಸಕ್ಕ, ಎತ್ತರದ ಆಳು, ಎತ್ತರದ ಗಂಟಲು. "ಇಲ್ಲಿ ಕೂತು ಬೇಡಿದ್ರ ಏನಾಗ್ತದ?" ಎಂದಳು. "ಕಳ್ಳ ಬರೂ ಹೊತ್ತಿಗೇ ಕಾಯಬೇಕು. ನಸುಕಿನ್ಯಾಗ ಬರ್ತದಂದ್ರ ನಾವೂ ನಸುಕಿನ್ಯಾಗ ಕೂಡೂಣು. ಓಡಸೇ ಬರೂಣು."

ಹೀಗೆ ಶುಕ್ರವಾರ ಸಂಜೆಯ ರೈಲಿಗೆ ಜಾನ್ಸನನೂ ಸೇರಿ ಮೂವರೂ ಬೀದರಿಗೆ ಬಂದರು. ಮುಂದಿನ ಕೋಣೆಯಲ್ಲಿ ಮಲಗಿ, ಆಕಾಶ ಇನ್ನೂ ಬೂದಿಬಣ್ಣ ಇರುವಾಗಲೇ ಎದ್ದು ಮುಖ ತೊಳೆದು ಹಿಂದಿನ ಕೋಣೆಗೆ ಹೋದರು. ತಗಡು ಹೊದಿಸಿದ ಸಣ್ಣ ಕೋಣೆ, ನೆಲಕ್ಕೆ ನುಣ್ಣನೆಯ ಪರ್ಶಿಕಲ್ಲು. ಮೇಣದಬತ್ತಿ ಹಚ್ಚಿ ಚಾಪೆಯ ಮೇಲೆ ಮೊಣಕಾಲೂರಿದರು. ಗ್ರೇಸಕ್ಕ ಒಂದು ಕೀರ್ತನೆ ಎತ್ತಿದಳು. ಅದು ಮುಗಿದ ಮೇಲೆ ಕಣ್ಣು ಮುಚ್ಚಿ, ಗಂಟಲು ಬಿಚ್ಚಿ ಪ್ರಾರ್ಥಿಸಿದಳು: "ಕರ್ತನೇ, ಈ ಮನಿಯೊಳಗ ಯಾವ ಕಾಡೂ ಶಕ್ತಿ ಅದನೋ ಅದು ಈಗಿಂದೀಗ ಹೊರಗ ಹೋಗಲಿ. ಈ ಮಗಳ ಕೈಕೆಲಸ ಆಶೀರ್ವಾದ ಆಗಲಿ. ಇಲ್ಲಿ ಇರೂರ ಎದಿಗೆ ಸಮಾಧಾನ ಸಿಗಲಿ."

"ಆಮೆನ್," ಎಂದರು ಮೂವರೂ.

"ಆಮೀನ್," ಎಂದಿತು ನೆಲ.

ಜಾನ್ಸನ ಯಾವಾಗ ಎದ್ದ, ಹೊಸ್ತಿಲು ಹೇಗೆ ದಾಟಿದ ಎಂಬುದು ಯಾರಿಗೂ ತಿಳಿಯಲಿಲ್ಲ. ಮೇಣದಬತ್ತಿ ಮಾತ್ರ ಆರಿತ್ತು. ಗ್ರೇಸಕ್ಕ ಸೆರಗು ಬಿಗಿದು, "ಪ್ರಾರ್ಥನಿ ಗಲ್ಲ್ಯಾಗ ನಿಂತೂ ಮಾಡಬಹುದವಾ, ದೇವರು ಎಲ್ಲಾ ಕಡಿ ಅದಾನ" ಎನ್ನುತ್ತಲೇ ಅವನ ಬೆನ್ನು ಹತ್ತಿದಳು.

ಹೆಪ್ಸಿಬಾ ಏಳಲಿಲ್ಲ. ಧೈರ್ಯವೇನೂ ಇರಲಿಲ್ಲ. ಆದರೆ ಸೈತಾನ ಆಮೆನ್ ಅನ್ನುವುದನ್ನು ಅವಳು ಯಾವ ಪಾಸ್ಟರ ಬಾಯಲ್ಲೂ ಕೇಳಿರಲಿಲ್ಲ. ಯೋಚಿಸುತ್ತ ಕೂತಿರುವಾಗಲೇ ಕೆಳಗಿನಿಂದ ಕೆಮ್ಮು ಬಂತು. ಒಣ ಕೆಮ್ಮು. ಅದರ ಬಾಲಕ್ಕೆ ಉಸಿರು ಹೊರಬರುವಾಗ ಎದೆಯೊಳಗೆ ಹೊಡೆಯುವ ಸಣ್ಣ ಸೀಟಿ. ಆ ಸೀಟಿಯನ್ನು ಅವಳು ವಾರ್ಡಿನಲ್ಲಿ ಎಷ್ಟು ಮಂದಿಯ ಎದೆಯಲ್ಲಿ ಕೇಳಿದ್ದಳೋ ಲೆಕ್ಕವಿಲ್ಲ. ಹೆದರಿಕೆ ಎಲ್ಲಿತ್ತೋ ಅಲ್ಲಿ ಅಭ್ಯಾಸ ಬಂದು ಕೂತಿತು. ಅವಳು ಬಾಗಿ ಪರ್ಶಿಕಲ್ಲಿಗೆ ಬಾಯಿ ಹತ್ತಿರ ಒಯ್ದು ಕೇಳಿದಳು:

"ತಂಗಿ, ನಿನಗ ದಮ್ಮು ಎಷ್ಟು ದಿವಸದಿಂದ ಅದ?"

ಕೆಳಗೆ ಏನೋ ಠಣ್ಣನೆ ಕಲ್ಲಿಗೆ ಬಡಿಯಿತು. ಆಮೇಲೆ ದೆವ್ವ ಹೇಳಿತು, "ನಾಕು ವರ್ಸ ಆತ್ರಿ."

"ಔಷಧ ತಗೋತಿ ಇಲ್ಲ?"

"ಮುಲಾಮು ಹಚ್ಕೋತೇನ್ರಿ." ದನಿ ಪಿಸುಮಾತಿಗೆ ಇಳಿಯಿತು. "ನೀವು ಯಾರ್ರಿ? ಜಿನ್ ಭೂತ ಏನ್ರಿ?"

"ನಾ ನರ್ಸು."

"ಜಿನ್ನದಾಗ ನರ್ಸ್ ಸುದ್ದಾ ಇರ್ತಾರೇನ್ರಿ?"

ಹೆಪ್ಸಿಬಾಳಿಗೆ ನಗು ಬಂದೇ ಬಿಟ್ಟಿತು. ನಗುವನ್ನು ಕೇಳಿ ಕೆಳಗಿನ ದನಿಗೂ ಜೀವ ಬಂತು. ಮಾತಿಗೆ ಮಾತು ಕೂಡಿದಾಗ ತಿಳಿದದ್ದಿಷ್ಟು: ದನಿಯ ಹೆಸರು ಹಾಜರಾಬಿ. ಅವಳ ಗಂಡ ಬದ್ರೋದ್ದೀನ ಹತ್ತಿ ಬಡಿದು ಗಾದಿ ಹೊಲಿಯುವವನು. ಹಿಂದಿನ ಗಲ್ಲಿಯಲ್ಲಿ ಅವರ ಮನೆ. ಅವರ ಹಿತ್ತಿಲಿನಲ್ಲಿ ಗೋಡೆಗೆ ಒತ್ತಿ ಒಂದು ಬಾವಿ. ನಸುಕಿನ ನಮಾಜಿಗೆ ಮೊದಲು ಕೈಕಾಲು ತೊಳೆಯಲು ಅವಳು ನೀರು ಸೇದುವುದು ಅಲ್ಲಿಯೇ. ಕಳೆದ ವರ್ಷದಿಂದ ಆ ಬಾವಿಯೊಳಗೆ ಸುತ್ತಿಗೆಯ ಸದ್ದು, ಗಂಡಸರ ಜಗಳ, ಒಮ್ಮೊಮ್ಮೆ ಹೊಸ ಮದುಮಕ್ಕಳ ಪಿಸುಮಾತು. ಹೆದರಿ, ಹಗ್ಗ ಹಾಯುವ ಗಡಗಡಿಗೆ ದರ್ಗಾದ ದಾರ ಕಟ್ಟಿಸಿದ್ದಳು. ಅದಕ್ಕೂ ಸದ್ದು ನಿಲ್ಲದೆ ಹೋದಾಗ ಬದ್ರೋದ್ದೀನ ಬಾವಿಯನ್ನೇ ಮುಚ್ಚಲು ಒಂದು ಟ್ರ್ಯಾಕ್ಟರ್ ಮುರುಮು ಮಣ್ಣು ಹೇಳಿಬಂದಿದ್ದ.

"ಮತ್ತ ಆಮೀನ್ ಯಾಕಂದಿ ತಂಗಿ?"

"ಬಾವ್ಯಾಗಿಂದ ದುವಾ ಕೇಳ್ತು ಆಪಾ. ದುವಾ ಯಾರದೇ ಇರಲಿ, ಆಮೀನ್ ಅನ್ನಬೇಕಂತ ನಮ್ಮ ಅಮ್ಮಾ ಕಲಿಸಿದ್ಲು."

"ಅದು ನಿನ್ನನ್ನ ಓಡಸೂ ದುವಾ ಇತ್ತು!"

"ಹೌದೇನ್ರಿ? ನಾ ಎದಿಗೆ ಸಮಾಧಾನ ಅಂದಿದ್ದು ಅಷ್ಟೇ ಕೇಳಿದ್ನಿ."

ಹೆಪ್ಸಿಬಾ ಬಾಗಿಲಿಗೆ ಬಂದು ಗಲ್ಲಿಯಲ್ಲಿ ನಿಂತಿದ್ದವರಿಗೆ ದೆವ್ವದ ವಿಳಾಸ ಹೇಳಿದಳು. ಚಪ್ಪಲಿಯಿಲ್ಲದೆ ಓಡಿದ್ದ ಜಾನ್ಸನನಿಗೆ ಮಾನ ಉಳಿಸಿಕೊಳ್ಳಬೇಕಿತ್ತು. "ನಾನೇ ಹೋಗಿ ನೋಡಿ ಬರ್ತೇನಿ" ಎಂದು ಚೌಬಾರಾ ಸುತ್ತಿ, ಹಿಟ್ಟಿನ ಗಿರಣಿ ಹೊರಳಿ, ಕೇಳುತ್ತ ಕೇಳುತ್ತ ಹಿಂದಿನ ಗಲ್ಲಿಗೆ ಹೊರಟ. ಅದೇ ಹೊತ್ತಿಗೆ ಆ ಕಡೆಯಿಂದ ಬದ್ರೋದ್ದೀನನೂ ಹೊರಟಿದ್ದ, ಮಸೀದಿಯ ಮಗ್ಗುಲಿನ ಸಣ್ಣ ಸಂದಿ ಹಿಡಿದು. ಇಬ್ಬರೂ ದಾರಿಯಲ್ಲಿ ಎದುರಾಗಲಿಲ್ಲ. ಹೆಪ್ಸಿಬಾಳ ಬಾಗಿಲಲ್ಲಿ, ಗಡ್ಡದ ತುಂಬ ಹತ್ತಿಯ ಎಳೆ ಅಂಟಿಸಿಕೊಂಡ ಮನುಷ್ಯನೊಬ್ಬ, "ಸಲಾಮ್ರಿ ಬಾಯಾರ, ನಮ್ಮ ಮನಿಯಾಕಿ ಇಲ್ಲಿ ಯಾರ ಜೋಡಿನೋ ಮಾತಾಡ್ಯಾಳಂತ" ಎಂದು ನಿಂತಿರುವಾಗಲೇ, ಹಿಂದಿನ ಕೋಣೆಯ ನೆಲದ ಕೆಳಗಿನಿಂದ ಜಾನ್ಸನ ಕೂಗಿದ:

"ಹೆಪ್ಸಿ! ನಾ ಮುಟ್ಟೀನಿ! ಇಲ್ಲಿ ಚಹಾ ಇಟ್ಟಾರ!"

ಗ್ರೇಸಕ್ಕ ಎದೆ ಮುಟ್ಟಿಕೊಂಡಳು. "ಗಂಡನ್ನ ನೆಲದಾಗ ಕಳಿಸಿ ನಗ್ತೀಯಲ್ಲವಾ."

ಮಧ್ಯಾಹ್ನ ಲಾಲ ಅಹ್ಮದ ಬಂದು ಪರ್ಶಿ ಎಬ್ಬಿಸಿದ. ಕೆಳಗೆ ಮಣ್ಣು, ಮಣ್ಣಿನ ಕೆಳಗೆ ಉದ್ದನೆಯ ಕಲ್ಲಿನ ಹಾಸು. ಎರಡು ಹಾಸುಗಳ ನಡುವೆ ಅಂಗೈಯಗಲದ ಬಿರುಕು, ಅಲ್ಲಿಯ ಮಣ್ಣು ಉದುರಿ ಪರ್ಶಿಯ ತನಕ ಟೊಳ್ಳಾಗಿತ್ತು. ಮೂಲೆಯ ಹಾಸನ್ನು ಹಾರೆಯಿಂದ ಸರಿಸಿದಾಗ ತಂಪು ಗಾಳಿ ಮುಖಕ್ಕೆ ಹೊಡೆಯಿತು. ಬಾವಿ ಕಾಣಿಸಿತು, ಅರ್ಧಚಂದ್ರದ ಹಾಗೆ. ಉಳಿದರ್ಧ ಗೋಡೆಯ ಆಚೆ. ಯಾವ ಕಾಲದಲ್ಲೋ ಎರಡು ಮನೆಯವರು ಕೂಡಿ ತೋಡಿಸಿದ ಬಾವಿ. ಅದರ ಬಾಯಿಯ ಮೇಲೆ ದಪ್ಪ ಕಲ್ಲು ಅಡ್ಡ ಹಾಕಿ, ಕಲ್ಲಿನ ಮೇಲೆ ಗೋಡೆ ಎಬ್ಬಿಸಿ, ಹೆಂಗಸರ ಮರ್ಯಾದೆಗೆ ಮರ್ಯಾದೆ, ನೀರಿಗೆ ನೀರು ಎಂದು ಹಂಚಿಕೊಂಡಿದ್ದರು. ಆಮೇಲೆ ಬಂದ ಯಾರೋ ಈ ಕಡೆಯದನ್ನು ಮುಚ್ಚಿ, ಹಿತ್ತಿಲಿಗೆ ತಗಡು ಹೊದಿಸಿ, ಕೋಣೆ ಮಾಡಿ ಬಾಡಿಗೆಗೆ ಕೊಟ್ಟಿದ್ದರು. ಎರಡೂ ಮನೆಗಳು ಕೈ ಬದಲಾದವು. ಬಾಗಿಲುಗಳು ಬೇರೆ ಬೇರೆ ಗಲ್ಲಿಗೆ ತೆರೆಯುತ್ತಿದ್ದುದರಿಂದ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನರಳುತ್ತಿದ್ದದ್ದು ಎಣ್ಣೆ ಕಾಣದ ಗಡಗಡಿ.

ಸತೀಶಕುಮಾರನೂ ಬಂದು ಬಗ್ಗಿ ನೋಡಿದ. ದಲ್ಲಾಳಿಯ ತಲೆ ಕೂಡಲೇ ಓಡಿತು. "ಭಾಳ ಚಲೋ ಆತ್ರಿ. ಇದಕ ಎರಡು ಪದರ ಕಾಂಕ್ರೀಟ್ ಹೊಡಸ್ರಿ, ಸದ್ದು ಸಾಯ್ತದ. ನಾಳಿ ಸಂತಪುರದ ಒಬ್ಬಾಕಿ ಟೀಚರ್ ಮನಿ ನೋಡಲಿಕ್ಕ ಬರ್ತಾಳ, ಹೊಸದಾಗಿ ಬೀದರ ಸಾಲಿಗಿ ಬಂದಾಳ, ಇಲ್ಲಿ ಸುದ್ದಿ ಅಕಿ ಕಿವಿಗಿ ಬಿದ್ದಿಲ್ಲ. ಚಾಪಿ ಹಾಸಿ ಮುಚ್ಚಿಬಿಡ್ರಿ. ಬಾವಿ ಅಂತ ಬಾಯಿ ಬಿಡಬ್ಯಾಡ್ರಿ. ಅಕಿ ಒಲ್ಲೆ ಅಂದ್ರ ಸೋಮವಾರ ಗಿರಾಕಿ ಇದ್ದೇ ಅದಾನ."

"ಬಾವಿ ತೆರೆದಿಟ್ಟು ಹಿಂದಿನ ಖೋಲಿ ಹೋದ್ರ ಬಾಡಿಗಿನೂ ಇಳೀತದ ಹೆಪ್ಸಿ," ಎಂದ ಜಾನ್ಸನ ಮೆಲ್ಲಗೆ.

ಮಾತು ಸುಳ್ಳಲ್ಲ. ಹೆಪ್ಸಿಬಾ ಒಬ್ಬಳೇ ಬಾವಿಯ ಅಂಚಿನಲ್ಲಿ ಕೂತಳು. ಸಂಡೇ ಸ್ಕೂಲಿನಲ್ಲಿ ಕೇಳಿದ ಕಥೆಗಳಲ್ಲಿ ದೇವರು ಅಪರಿಚಿತರನ್ನು ಒಬ್ಬರಿಗೊಬ್ಬರು ತೋರಿಸುತ್ತಿದ್ದದ್ದು ಬಾವಿಯ ಹತ್ತಿರವೇ ಅಲ್ಲವೇ ಎಂದು ನೆನಪಾಯಿತು. ಮನೆಯ ಜಡ್ಡೆಲ್ಲ ವಾಸಿ ಮಾಡಿದೆ ಅಂದುಕೊಂಡಿದ್ದಳು. ಎದೆಯ ಮೇಲೆ ಕಿವಿ ಇಟ್ಟು ಕೇಳಿರಲೇ ಇಲ್ಲ.

"ಹಾಜರಾ," ಎಂದು ಕೂಗಿದಳು. "ಮುಚ್ಚಸೂಣಂತಾರ. ನೀ ಏನಂತಿ?"

"ನಿಮ್ಮ ಮನಿ, ನಿಮ್ಮ ಖುಷಿ ಆಪಾ." ಒಮ್ಮೆ ಕೆಮ್ಮಿ ಮುಂದುವರಿಸಿದಳು. "ನಾವಂತೂ ಮುರುಮು ಬ್ಯಾಡಂತ ಹೇಳಿ ಬಂದೀವಿ. ಹೆದರಿಕಿ ಹೋದ ಮ್ಯಾಲ ಬಾವಿ ಚಲೋ ಅನಸ್ಲಿಕತ್ತದ. ಬೆಳಿಗ್ಗೆ ನೀವು ದಮ್ಮು ಕೇಳಿದ್ರಲ್ಲ, ಹಂಗ ಯಾರೂ ಕೇಳಿದ್ದಿಲ್ಲ."

ಹೆಪ್ಸಿಬಾ ಎದ್ದು, "ಲಾಲಭಾಯಿ, ಮ್ಯಾಲಿನ ತಗಡು ಬಿಚ್ಚು" ಎಂದಳು. ಸತೀಶಕುಮಾರ ಹಣೆ ಬಡಿದುಕೊಂಡ.

ಮರುದಿನ ಆರಾಧನೆ ಮುಗಿಸಿಕೊಂಡು ಬರುವಷ್ಟರಲ್ಲಿ ಸಂತಪುರದವರು ಬಂದು ಕಟ್ಟೆಯ ಮೇಲೆ ಕೂತಿದ್ದರು. ಟೀಚರ್ ಮಲ್ಲೇಶ್ವರಿ, ಅವಳ ಕಂಕುಳಲ್ಲಿ ಕೂಸು, ಜೊತೆಗೆ ಅತ್ತೆ ಚಂದ್ರಭಾಗಾ. ಗಂಡ ಜ್ಞಾನೇಶ್ವರ ಊರಲ್ಲಿ ಹೊಲ, ಕುರಿ ನೋಡಿಕೊಂಡಿದ್ದ. ಸೊಸೆ ಸಾಲೆಗೆ ಹೋದಾಗ ಕೂಸನ್ನು ನೋಡಲು ಅತ್ತೆ ಬಂದಿರುವವಳು. ಮಲ್ಲೇಶ್ವರಿ ಗೋಡೆ, ನಲ್ಲಿ, ಸ್ವಿಚ್ಚು ಎಲ್ಲವನ್ನೂ ಮುಟ್ಟಿ ನೋಡಿ, "ಚಲೋ ಅದ್ರಿ ಮನಿ. ಎರಡನೇ ಖೋಲಿ ಎಲ್ಲಿ ಅದರಿ?" ಎಂದಳು.

ಸತೀಶಕುಮಾರ ಹೆಪ್ಸಿಬಾಳಿಗೆ ಸುಮ್ಮನಿರಲು ಕಣ್ಸನ್ನೆ ಮಾಡಿದ. ಹೆಪ್ಸಿಬಾ ಅವರನ್ನು ಹಿಂದಕ್ಕೆ ಕರೆದೊಯ್ದಳು. ತಗಡು ಹೋಗಿ ಬಿಸಿಲು ಬಿದ್ದಿದ್ದ ಹಿತ್ತಿಲು, ಹಾಸು ಸರಿಸಿದ ಬಾವಿ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಸದ್ದು, ಓಡಿಹೋದವರು, ಆಮೆನ್, ಎಲ್ಲವನ್ನೂ. "ಸುತ್ತ ಕಟ್ಟಿ ಕಟ್ಟಸ್ತೇನಿ. ಮ್ಯಾಲ ಕಬ್ಬಿಣದ ಜಾಳಗಿ, ಅದಕ್ಕ ಕೀಲಿ. ಕೂಸಿಗಿ ಭಯ ಇಲ್ಲ. ಆದ್ರ ನಸುಕಿನ್ಯಾಗ ಸದ್ದು ಬರ್ತದವಾ, ಅದು ಬರೂದೇ. ಒಲ್ಲೆ ಅಂದ್ರ ನನಗ ಸಿಟ್ಟಿಲ್ಲ."

ಮಲ್ಲೇಶ್ವರಿಯ ಮುಖ ಸಣ್ಣದಾಯಿತು. ಕೂಸನ್ನು ಇನ್ನಷ್ಟು ಅವುಚಿಕೊಂಡಳು. ಸತೀಶಕುಮಾರ ಆಗಲೇ ಫೋನು ತೆಗೆದು ಸೋಮವಾರದ ಗಿರಾಕಿಯ ನಂಬರು ಹುಡುಕುತ್ತಿದ್ದ.

ಚಂದ್ರಭಾಗಾ ಮಾತ್ರ ಕೆಳಗೆ ಕೂತು, ಮೊಣಕಾಲಿಗೆ ಕೈಕಟ್ಟಿ ಬಾವಿಯೊಳಗೆ ಬಗ್ಗಿದಳು. "ಯಾರಿದ್ದೀರವಾ?" ಎಂದಳು.

"ನಾ ಇದ್ದೇನ್ರಿ, ಹಾಜರಾಬಿ." ಕೆಮ್ಮು. "ಹೊಸಬರು ಬಂದೀರೇನ್ರಿ?"

"ಊಟ ಆತೇನು?"

"ಇನ್ನೂ ಇಲ್ರಿ. ಖಿಚಡಿ ಇಟ್ಟೇನಿ."

ಚಂದ್ರಭಾಗಾ ತಲೆ ಎತ್ತಿ ಸೊಸೆಯ ಕಡೆ ನೋಡಿದಳು. "ಏನ ನೋಡ್ತಿ? ಅಡವ್ಯಾಗ ಕುರಿ ನಿಲ್ಲಿಸಿ ಮಲಗಿದಾಕಿ ನಾ. ಕುರಿ ಕೊಳ್ಳಿನ ಗಂಟಿ ಕೇಳೂತನಕ ನಮಗ ಕಣ್ತುಂಬ ನಿದ್ದಿ. ಗಂಟಿ ನಿಂತ್ರ ಎದ್ದು ಕೂಡ್ತೀವಿ, ತೋಳ ಬಂತಂತ. ಸದ್ದಿಗಿ ಯಾರ ಹೆದರ್ತಾರ? ಸದ್ದು ಇಲ್ಲದ್ದಕ್ಕ ಹೆದರಬೇಕು. ನೀ ಸಾಲಿಗಿ ಹೋದ ಮ್ಯಾಲ ಈ ಪ್ಯಾಟ್ಯಾಗ ನಾ ಯಾರ ಜೋಡಿ ಮಾತಾಡ್ಲಿ, ಗೋಡಿ ಜೋಡಿ? ಇಲ್ಲಿ ಗೋಡಿನೂ ಮಾತಾಡ್ತದ, ಖಿಚಡಿನೂ ಇಡ್ತದ."

"ಒಂದ ಖೋಲಿ ಆಗ್ತದಲ್ರಿ ಅತ್ತಿ."

"ಅಷ್ಟಕ್ಕ ಬಾಡಿಗಿ ಇಳಸ್ತಾರ, ಇಲ್ರಿ ಬಾಯಾರ?"

"ಇಳಸ್ತೇನವಾ," ಎಂದಳು ಹೆಪ್ಸಿಬಾ. ಜಾನ್ಸನ ಆಕಾಶ ನೋಡಿದ.

ಮಲ್ಲೇಶ್ವರಿ ಬಾವಿಯ ಅಂಚನ್ನು ಕಾಲಿನಿಂದ ಒತ್ತಿ ನೋಡಿದಳು. ಆಮೇಲೆ, "ಕೀಲಿ ಗಟ್ಟಿ ಇರಬೇಕ್ರಿ. ಅದರ ಕೈ ನನ್ನ ಹತ್ರ" ಎಂದಳು. ಸತೀಶಕುಮಾರ ಫೋನನ್ನು ಜೇಬಿಗೆ ಹಾಕಿ, "ನಾ ಮೊದಲ ಹೇಳಿದ್ದಿಲ್ಲೇನ್ರಿ, ಬಾವಿ ಇದ್ದ ಮನಿ ಲಕ್ಷಣದ ಮನಿ" ಎಂದ. ಸೋಮವಾರದ ಗಿರಾಕಿಗೆ ಅವನೇ ಹೇಳಿ ಕಳಿಸಿದ, ಮನೆ ಕೊಡುವುದಿಲ್ಲವಂತೆ ಎಂದು.

ಕಟ್ಟೆ ಆಯಿತು, ಜಾಳಿಗೆ ಆಯಿತು. ಹೆಪ್ಸಿಬಾ ಹಾಜರಾಬಿಯನ್ನು ಆಸ್ಪತ್ರೆಗೆ ಕರೆದೊಯ್ದು, ಸೇದುವ ಔಷಧ ಕೊಡಿಸಿ, ಬದ್ರೋದ್ದೀನನಿಗೆ ಹತ್ತಿಯನ್ನು ಮನೆಯೊಳಗೆ ಬಡಿಯಬೇಡವೆಂದು ತಾಕೀತು ಮಾಡಿದಳು. ಚಂದ್ರಭಾಗಾ ಬರುವಾಗ ಊರಿನಿಂದ ಒಂದು ಹಳೆಯ ಕುರಿಗಂಟೆ ತಂದಳು. ಗೋಡೆ ಸುತ್ತಿ ಹೋಗಿ ಅದನ್ನು ಹಾಜರಾಬಿಯ ಗಡಗಡಿಗೆ, ದರ್ಗಾದ ದಾರದ ಹತ್ತಿರವೇ ಕಟ್ಟಿಬಂದಳು. "ಗಂಟಿ ಆದ್ರ ನೀ ಎದ್ದಿ ಅಂತ ನನಗ ಗೊತ್ತಾಗ್ತದ" ಎಂದಳಂತೆ.

ಆದರೂ ಹೆಪ್ಸಿಬಾಳ ಒಳಗಿನ ಅಳುಕು ಹೋಗಿರಲಿಲ್ಲ. ಹಾಸಿಗೆ ಬಿಚ್ಚಿದವರು ಸುತ್ತಿಕೊಂಡು ಹೋದದ್ದನ್ನು ಕಂಡವಳು. ಭಾಲ್ಕಿಯಲ್ಲಿ ಫೋನು ರಿಂಗಾದಾಗೆಲ್ಲ ಬೀದರಿನವರೇ ಇರಬೇಕು ಎಂದುಕೊಳ್ಳುತ್ತಿದ್ದಳು. ಮೊದಲ ದೊಡ್ಡ ಮಳೆ ಹೊಡೆದ ಬೆಳಿಗ್ಗೆ ಅದು ರಿಂಗಾಯಿತು. ಮಲ್ಲೇಶ್ವರಿ.

"ಬಾಯಾರ, ಒಂದು ಮಾತು ಹೇಳಬೇಕಿತ್ರಿ. ಹ್ಯಾಂಗ ಹೇಳಬೇಕೋ ತಿಳೀವಲ್ದು."

ಹೆಪ್ಸಿಬಾ ಕುರ್ಚಿ ಹಿಡಿದು ಕೂತಳು. "ಹೇಳವಾ."

"ಮಾಳಿಗಿ ಸೋರ್ಲಿಕತ್ತದ್ರಿ. ಅಡಗಿ ಮನ್ಯಾಗ. ಕೆಳಗ ಬುಟ್ಟಿ ಇಟ್ಟೇವಿ."

"ಬರೇ ಸೋರೂದು ಅಷ್ಟೇನಾ?"

"ಅಷ್ಟೇರಿ. ಯಾಕ್ರಿ, ಇನ್ನೇನಾಗಬೇಕಿತ್ರಿ?"

ಫೋನಿನ ಹಿಂದಿನಿಂದ ಕೂಸಿನ ಕೇಕೆ, ಚಂದ್ರಭಾಗಾಳ ನಗು, ದೂರದಲ್ಲೆಲ್ಲೋ ಸಣ್ಣಗೆ ಗಂಟೆ. ಹೆಪ್ಸಿಬಾ ಕಣ್ಣು ಮುಚ್ಚಿ, "ಸ್ತೋತ್ರ ಕರ್ತನೇ" ಎಂದಳು.

"ಏನಾತು?" ಎಂದ ಜಾನ್ಸನ ಗಾಬರಿಯಿಂದ.

"ಮನಿ ಸೋರ್ಲಿಕತ್ತದಂತ್ರಿ," ಎಂದಳು ಹೆಪ್ಸಿಬಾ, ಮುಖದ ತುಂಬ ನಗುತ್ತ. "ಲಾಲ ಅಹ್ಮದಗ ಫೋನು ಹಚ್ಚರಿ."